ಲವಂಗದ ತರಗೆಲೆಯ ಎಣ್ಣೆ

ಲವಂಗವನ್ನು ಅರಿಯದ ಗೃಹಿಣಿ ನಮ್ಮಲ್ಲಿಲ್ಲ. ಪಲಾವಿಗೆ ಅದು ಬೇಕು, ಲಾಡುವಿಗೆ ಬೇಕು, ಕೆಮ್ಮಿನ ಕಷಾಯಕ್ಕೆ ಬೇಕು, ಮಡಿಸಿದ ವೀಳ್ಯದೆಲೆ ಬಿಚ್ಚಿಕೊಳ್ಳದಂತೆ ಚುಚ್ಚುವುದಕ್ಕೂ ಅದೇ ಬೇಕು. ಸಂಬಾರದ ಡಬ್ಬಿಯಲ್ಲಿ ಪುಟ್ಟ ಮೊಳೆಯಂತೆ ಬಿದ್ದಿರುವ ಈ ವಸ್ತುವು ಅರಳದ ಹೂವಿನ ಮೊಗ್ಗೆಂಬುದನ್ನು ವಾಚಕರಲ್ಲಿ ಅನೇಕರು ಬಲ್ಲರು. ಆದರೆ ಆ ಮೊಗ್ಗನ್ನು ಹೊತ್ತ ಮರದ ಎಲೆಯನ್ನು ಕೈಯಲ್ಲಿ ಹಿಡಿದು ನೋಡಿದವರು ವಿರಳ. ಮಲೆನಾಡಿನ ಮತ್ತು ದಕ್ಷಿಣ ಕನ್ನಡದ ಕೆಲವು ಅಡಿಕೆ ತೋಟಗಳಲ್ಲಿ ಒಂದೋ ಎರಡೋ ಲವಂಗದ ಮರಗಳುಂಟು. ಅಂತಹ ತೋಟಕ್ಕೆ ಹೋಗುವ ಪ್ರಸಂಗ ಬಂದರೆ, ಮರದಡಿ ಬಿದ್ದ ತರಗೆಲೆಯೊಂದನ್ನೆತ್ತಿ ಅಂಗೈಯಲ್ಲಿ ಹೊಸಕಿ ಮೂಸಿ ನೋಡಬೇಕು. ಮೊಗ್ಗಿನ ವಾಸನೆಯೇ ಅಲ್ಲಿಯೂ ಇರುವುದು. ಕೊಂಚ ಒರಟು, ಅಷ್ಟೆ.

ಈ ಒರಟು ವಾಸನೆಯನ್ನು ಎಣ್ಣೆಯಾಗಿ ಇಳಿಸಿ ದೇಶದೇಶಗಳ ಸಾಬೂನಿಗೂ ಅತ್ತರಿಗೂ ಔಷಧಕ್ಕೂ ಒದಗಿಸುವ ಉದ್ಯಮವೊಂದಿದೆ. ಮೊಗ್ಗಿನ ಕೀರ್ತಿಯೆಲ್ಲ ಅಡುಗೆಮನೆಯದು; ಸುಗಂಧದ ವ್ಯಾಪಾರದಲ್ಲಿ ಭಾರ ಹೊರುವುದು ಎಲೆಯೇ. ಬೆಲೆಯಲ್ಲಿ ಮಾತ್ರ ಅದು ಮೊಗ್ಗಿನ ಹತ್ತಿರಕ್ಕೂ ಬರಲಾರದು. ಹೀಗೆ ಅಗ್ಗವಾದುದರಿಂದಲೇ ಅದರ ಬಳಕೆ ಹೆಚ್ಚಿತು; ಬಳಕೆ ಹೆಚ್ಚಿದುದರಿಂದ ಮರಕ್ಕೆ ಒಂದು ಬಗೆಯ ಸಂಕಟವೂ ಪ್ರಾಪ್ತವಾಯಿತು. ಆ ಸಂಗತಿಯನ್ನೂ, ನಮ್ಮ ಮನೆಗಳ ಔಷಧದ ಗೂಡಿನಲ್ಲಿರುವ ಲವಂಗದೆಣ್ಣೆಯ ಸೀಸೆಯ ವಿಷಯದಲ್ಲಿ ವಹಿಸತಕ್ಕ ಎಚ್ಚರಿಕೆಯನ್ನೂ ವಾಚಕರಿಗೆ ತಿಳಿಸಬೇಕೆಂಬುದು ನಮ್ಮ ಉದ್ದೇಶ.

ಲವಂಗದ ಮರವು ನಮ್ಮ ನೇರಳೆಯ ಕುಲಕ್ಕೆ ಸೇರಿದುದು. ಅದರ ತವರೂರು ಈಗಿನ ಇಂಡೊನೇಶಿಯಾ ದೇಶದ ಪೂರ್ವದಲ್ಲಿರುವ ಮಲುಕು ದ್ವೀಪಗಳು. ಅವುಗಳಲ್ಲಿಯೂ ತೆರ್ನಾತೆ, ತಿದೋರೆ, ಮೋತಿ, ಮಕಿಯಾನ್, ಬಚಾನ್ ಎಂಬ ಸಣ್ಣ ದ್ವೀಪಗಳಲ್ಲಿ ಮಾತ್ರ ಅದು ಹಿಂದೆ ಬೆಳೆಯುತ್ತಿತ್ತು. ಕಾಳಿದಾಸನು ರಘುವಂಶದಲ್ಲಿ, ಇಂದುಮತಿಯ ಸ್ವಯಂವರವನ್ನು ವರ್ಣಿಸುವಾಗ, ದ್ವೀಪಾಂತರದಿಂದ ಬರುವ ಲವಂಗದ ಹೂಗಳನ್ನು ಹೆಸರಿಸಿದ್ದಾನೆ. ಅದು ಕಡಲಾಚೆಯ ವಸ್ತುವೆಂಬುದು ಅಷ್ಟು ಹಿಂದೆಯೇ ನಮ್ಮವರಿಗೆ ಗೊತ್ತಿತ್ತೆಂದು ಇದರಿಂದ ತಿಳಿಯುತ್ತದೆ. ಹದಿನೇಳನೆಯ ಶತಮಾನದಲ್ಲಿ ಡಚ್ಚರ ಕಂಪೆನಿಯು ಈ ವ್ಯಾಪಾರವನ್ನು ಒಂದೇ ಮುಷ್ಟಿಯಲ್ಲಿ ಹಿಡಿಯಬಯಸಿತು. ೧೬೫೨ರಲ್ಲಿ ತೆರ್ನಾತೆಯ ಸುಲ್ತಾನನೊಡನೆ ಒಪ್ಪಂದ ಮಾಡಿಕೊಂಡು, ಅವನಿಗೆ ವರ್ಷಾಶನ ಕೊಟ್ಟು, ಅಂಬೊಯಿನಾ ಸೀಮೆಯ ಹೊರಗಿದ್ದ ಲವಂಗದ ಮರಗಳನ್ನು ಕಡಿಸಿಹಾಕುವ ಅಧಿಕಾರವನ್ನು ಪಡೆಯಿತು. ದೋಣಿಗಳ ದಂಡುಗಳು ದ್ವೀಪದಿಂದ ದ್ವೀಪಕ್ಕೆ ಹೋಗಿ ಜನರ ಬದುಕಿಗಿದ್ದ ಮರಗಳನ್ನು ಕಡಿದುರುಳಿಸಿದುವು. ಇಷ್ಟಾದರೂ ಗುಟ್ಟು ನಿಲ್ಲಲಿಲ್ಲ. ಪಿಯೆರ್ ಪ್ವಾವ್ರ್ ಎಂಬ ಫ್ರೆಂಚ್ ಅಧಿಕಾರಿಯ ಪ್ರಯತ್ನದಿಂದ ೧೭೭೦ರಲ್ಲಿ ಲವಂಗದ ಸಸಿಗಳು ಕದ್ದುಮುಚ್ಚಿ ಮಾರಿಷಸ್ ದ್ವೀಪವನ್ನು ಸೇರಿದುವು. ಅಲ್ಲಿಂದೀಚೆಗೆ ಮಡಗಾಸ್ಕರಿನ ಪೂರ್ವ ಕರಾವಳಿ, ಜಾಂಜಿಬಾರ್, ಪೆಂಬಾ ಮೊದಲಾದೆಡೆಗಳಲ್ಲಿ ತೋಪುಗಳು ಎದ್ದುವು. ನಮ್ಮ ದಕ್ಷಿಣ ದೇಶಕ್ಕೆ ಈ ಮರ ಬಂದುದು ಸುಮಾರು ೧೮೦೦ರಲ್ಲಿ. ಈಸ್ಟ್ ಇಂಡಿಯಾ ಕಂಪೆನಿಯವರು ಅದನ್ನು ಕುತ್ತಾಲದ ತೋಟದಲ್ಲಿ ನೆಡಿಸಿದರು.

ಎಲೆಯೆಣ್ಣೆಯ ಉದ್ಯಮ ಇಂದು ಎಲ್ಲಕ್ಕಿಂತ ದೊಡ್ಡದಾಗಿರುವುದು ಇಂಡೊನೇಶಿಯಾದಲ್ಲಿ, ಅದರಲ್ಲಿಯೂ ಜಾವಾ ಮತ್ತು ಸುಲಾವೇಸಿ ದ್ವೀಪಗಳಲ್ಲಿ. ಅಲ್ಲಿಯ ಮೊಗ್ಗಿನ ಬಹುಭಾಗ ಹೊಗೆಯಾಗಿ ಹೋಗುತ್ತದೆಂದರೆ ವಾಚಕರಿಗೆ ವಿಸ್ಮಯವಾದೀತು. ಹೊಗೆಸೊಪ್ಪಿನೊಡನೆ ಲವಂಗದ ಚೂರನ್ನು ಬೆರೆಸಿ ಸುತ್ತಿದ ಕ್ರೆಟೆಕ್ ಎಂಬ ಸಿಗರೇಟು ಆ ದೇಶದವರಿಗೆ ಅತಿ ಪ್ರಿಯ. ಸೇದುವಾಗ ಲವಂಗ ಚಟಪಟನೆ ಸಿಡಿಯುವ ಸದ್ದೇ ಆ ಹೆಸರಿಗೆ ಕಾರಣ. ಮೊಗ್ಗು ಹೀಗೆ ಸಿಗರೇಟಿನ ಕಾರ್ಖಾನೆಗಳ ಪಾಲಾಗುವುದರಿಂದ, ಎಣ್ಣೆ ತೆಗೆಯುವವರಿಗೆ ಉಳಿದುದು ಎಲೆ. ಅಲ್ಲದೆ ಮೊಗ್ಗಿನ ಫಸಲು ನಂಬಿಕೆಗೆ ಅರ್ಹವಾದುದಲ್ಲ. ನೆಟ್ಟ ಆರೇಳು ವರ್ಷಗಳ ಬಳಿಕ ಮೊಗ್ಗು ಬರತೊಡಗಿದರೂ, ಒಂದು ವರ್ಷ ಮರ ತುಂಬ ಬಿಟ್ಟು ಮುಂದಿನ ಒಂದೆರಡು ವರ್ಷ ಬರಿಗೈ ತೋರಿಸುವುದು ಅದರ ಸ್ವಭಾವ. ಎಲೆಯಾದರೋ ಪ್ರತಿ ವರ್ಷವೂ ಉದುರುತ್ತದೆ. ಬೇಸಗೆಯ ಒಣ ದಿನಗಳಲ್ಲಿ ಮರದಡಿ ಎಲೆಯ ಹಾಸಿಗೆಯೇ ಬೀಳುವುದು. ಹೆಚ್ಚಾಗಿ ಬಡ ಮನೆಗಳ ಹೆಂಗಸರೂ ವಯಸ್ಸಾದವರೂ ಅದನ್ನು ಗುಡಿಸಿ, ಚೀಲದಲ್ಲಿ ತುಂಬಿ, ತೂಕದ ಲೆಕ್ಕದಲ್ಲಿ ಹತ್ತಿರದ ಭಟ್ಟಿಗೆ ಮಾರುತ್ತಾರೆ. ಮೊಗ್ಗಿಲ್ಲದ ವರ್ಷದಲ್ಲಿ ಆ ಮನೆಗಳಿಗೆ ಉಪ್ಪು ಮೆಣಸಿನಕಾಯಿಗೆ ಒದಗುವ ಕಾಸು ಅದೇ.

ಭಟ್ಟಿಯ ಕ್ರಮವು ಸರಳವಾದುದು. ಎತ್ತರವಾದ ಒಂದು ಹಂಡೆ. ಅದರ ಬುಡದಲ್ಲಿ ನೀರು, ನೀರಿನ ಮೇಲೆ ತೂತುಗಳುಳ್ಳ ಹಲಗೆ, ಹಲಗೆಯ ಮೇಲೆ ತುಳಿದು ಒತ್ತಿ ತುಂಬಿದ ಒಣ ಎಲೆ. ಇಡ್ಲಿಯ ಪಾತ್ರೆಯನ್ನು ಬಲ್ಲವರಿಗೆ ಇದನ್ನು ಬೇರೆ ವಿವರಿಸಬೇಕಾಗಿಲ್ಲ. ಕೆಳಗೆ ಬೆಂಕಿ ಹೊತ್ತಿಸಿದರೆ ಆವಿಯು ಎಲೆಗಳ ನಡುವೆ ನುಗ್ಗಿ, ಅವುಗಳಲ್ಲಿ ಅಡಗಿರುವ ಎಣ್ಣೆಯನ್ನು ತನ್ನೊಡನೆ ಕರೆದುಕೊಂಡು ಮುಚ್ಚಳದ ಕೊಳವೆಯ ಮೂಲಕ ಹೊರಡುತ್ತದೆ. ಕೊಳವೆಯು ತಣ್ಣೀರಿನ ತೊಟ್ಟಿಯೊಳಗೆ ಸುತ್ತಿ ಬರುವಷ್ಟರಲ್ಲಿ ಆವಿಯು ತಣಿದು ನೀರಾಗಿ, ಎಣ್ಣೆಯೊಡಗೂಡಿ ತೊಟ್ಟಿಕ್ಕುವುದು. ಒಂದು ಸಲ ತುಂಬಿದ ಎಲೆಯಿಂದ ಎಣ್ಣೆ ಪೂರ್ತಿಯಾಗಿ ಇಳಿಯಲು ಆರೆಂಟು ಗಂಟೆಗಳು ಬೇಕು. ನೂರು ಕಿಲೋ ಒಣ ಎಲೆಗೆ ಎರಡರಿಂದ ಮೂರು ಕಿಲೋ ಎಣ್ಣೆ ದೊರೆತರೆ ಒಳ್ಳೆಯ ಎಲೆಯೆಂದೇ ಎಣಿಕೆ. ಎಣ್ಣೆ ಇಳಿದು ಮುಗಿದ ಎಲೆಯನ್ನು ಬಿಸಿಲಿಗೆ ಹರವಿ ಒಣಗಿಸಿ ಮರುದಿನದ ಒಲೆಗೆ ಉರುವಲಾಗಿ ಹಾಕುತ್ತಾರೆ. ಸೌದೆಗೆ ಹಣ ಕೊಡದೆ ನಡೆಯುವ ಈ ಏರ್ಪಾಡು ಮಿತವ್ಯಯದಲ್ಲಿ ಯಾವ ಗೃಹಿಣಿಯೂ ಮೆಚ್ಚತಕ್ಕದ್ದು.

ಇಲ್ಲಿ ಒಂದು ಚೋದ್ಯವುಂಟು. ೧೯೧೬ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ ಮರುವರ್ಷ ಮೈಸೂರಿಗೂ ಹಬ್ಬಿದ ಗಂಧದೆಣ್ಣೆಯ ಉದ್ಯಮದ ವಿಷಯವನ್ನು ನಮ್ಮ ವಾಚಕರು ಕೇಳಿರುವರಷ್ಟೆ. ಗಂಧದೆಣ್ಣೆ ನೀರಿಗಿಂತ ಹಗುರವಾದುದರಿಂದ ನೀರಿನ ಮೇಲೆ ತೇಲುತ್ತದೆ. ಮೇಲಿನಿಂದ ಅದನ್ನು ತೆಗೆದುಕೊಳ್ಳಬಹುದು. ಲವಂಗದ ಎಣ್ಣೆ ನೀರಿಗಿಂತ ಭಾರ. ಅದು ತಳಕ್ಕಿಳಿದು ಕುಳಿತುಕೊಳ್ಳುತ್ತದೆ. ಭಾರದ ಅಂತರವು ಬಹಳ ಸ್ವಲ್ಪ: ನೀರು ಒಂದು ಸಾವಿರ ಗ್ರಾಂ ತೂಗುವಲ್ಲಿ ಎಲೆಯೆಣ್ಣೆ ಸುಮಾರು ಒಂದು ಸಾವಿರದ ನಲವತ್ತು ಗ್ರಾಂ ತೂಗುವುದು. ಆದುದರಿಂದ ಅವೆರಡೂ ಬೇಗ ಬೇರೆಯಾಗವು. ಭಟ್ಟಿಯವನು ಅವಸರಪಡದೆ, ಹಾಲಿನಂತೆ ಮಸುಕಾದ ನೀರು ತಿಳಿಯಾಗುವವರೆಗೆ ಕಾಯಬೇಕು. ಆ ನೀರಿನಲ್ಲಿಯೂ ಕೊಂಚ ಎಣ್ಣೆ ಕರಗಿ ನಿಂತಿರುವುದರಿಂದ ಅದನ್ನು ಚೆಲ್ಲದೆ ಮತ್ತೆ ಹಂಡೆಗೇ ಸುರಿಯುವುದು ಜಾಣತನ.

ಹೀಗೆ ಬಂದ ಎಣ್ಣೆಯ ಬಣ್ಣವು ನೋಡಲು ಹಿತವಲ್ಲ. ಕಾಫಿಯ ಡಿಕಾಕ್ಷನ್ನಿನಂತೆ ಕಪ್ಪು. ಇದಕ್ಕೆ ಎಲೆ ಕಾರಣವಲ್ಲ, ಹಂಡೆ ಕಾರಣ. ಬಡ ಭಟ್ಟಿಗಳ ಹಂಡೆ ಕಬ್ಬಿಣದ್ದು. ಲವಂಗದ ಸಾರಕ್ಕೂ ಕಬ್ಬಿಣಕ್ಕೂ ಸೇರದು. ತಾಮ್ರದ ಅಥವಾ ತುಕ್ಕು ಹಿಡಿಯದ ಉಕ್ಕಿನ ಹಂಡೆಯಲ್ಲಿ ಇಳಿಸಿದ ಎಣ್ಣೆ ನಸುಹಳದಿಯಾಗಿ ಬರುವುದು. ಅಂತಹ ಹಂಡೆಗೆ ಬೇಕಾದ ಬಂಡವಾಳ ಹಳ್ಳಿಯವನಲ್ಲಿಲ್ಲ. ಅವನ ಕಪ್ಪು ಎಣ್ಣೆಯನ್ನು ಅಗ್ಗಕ್ಕೆ ಕೊಂಡ ಪಟ್ಟಣದ ವರ್ತಕನು ನಿಂಬೆಯ ಹುಳಿಯಂತಹ ಆಮ್ಲದಿಂದ ಕಬ್ಬಿಣದ ಅಂಶವನ್ನು ಹಿಡಿದು ತೆಗೆಯಿಸಿಯೋ, ಮತ್ತೊಮ್ಮೆ ಭಟ್ಟಿಯಿಳಿಸಿಯೋ ಅದನ್ನು ತಿಳಿಯಾಗಿಸಿ ಹೆಚ್ಚಿನ ಬೆಲೆಗೆ ಹೊರದೇಶಕ್ಕೆ ಕಳುಹಿಸುತ್ತಾನೆ. ಒಂದು ಹಂಡೆಯ ಲೋಹದಲ್ಲಿ ಎಷ್ಟು ಲಾಭ ಕೈಬದಲಾಯಿಸುತ್ತದೆಂಬುದನ್ನು ನೋಡಿದರೆ, ಹಳ್ಳಿಗರಿಗೆ ಸಾಲವಾಗಿ ಕೊಡಬೇಕಾದುದು ಹಣಕ್ಕಿಂತ ಹಂಡೆಯೇ ಎಂದು ನಮಗೆ ತೋರುವುದು.

ಲವಂಗದ ಮರದಿಂದ ಮೂರು ಬಗೆಯ ಎಣ್ಣೆಗಳು ದೊರೆಯುತ್ತವೆ. ಮೊಗ್ಗಿನಲ್ಲಿ ನೂರಕ್ಕೆ ಹದಿನೈದರಿಂದ ಇಪ್ಪತ್ತು ಪಾಲು ಎಣ್ಣೆ. ಮೊಗ್ಗಿನ ತೊಟ್ಟಿನಲ್ಲಿ ಐದರಿಂದ ಏಳು. ಎಲೆಯಲ್ಲಿ ಮೇಲೆ ಹೇಳಿದಂತೆ ಎರಡು ಮೂರು. ಮೂರರಲ್ಲಿಯೂ ಮುಖ್ಯ ಸಾರವು ಯೂಜಿನಾಲ್ ಎಂಬ ಒಂದೇ ವಸ್ತು. ಈ ಹೆಸರು ಹೊಸತಾದರೂ ವಸ್ತುವು ನಮಗೆ ಹಳೆಯದು. ನಮ್ಮ ಅಂಗಳದ ತುಳಸಿಯಲ್ಲಿ ಅದಿದೆ. ಸಿಂಹಳದ ದಾಲ್ಚಿನ್ನಿಯ ಎಲೆಯಲ್ಲಿ ಹೇರಳವಾಗಿದೆ. ಲವಂಗದ ಎಲೆಯೆಣ್ಣೆಯಲ್ಲಿ ನೂರಕ್ಕೆ ೭೫ರಿಂದ ೮೫ರವರೆಗೆ ಯೂಜಿನಾಲೇ ಇರುವುದು. ಉಳಿದುದರಲ್ಲಿ ಹೆಚ್ಚಿನದು ಕ್ಯಾರಿಯೊಫಿಲೀನ್ ಎಂಬ, ಮರದ ಒಣ ವಾಸನೆಯುಳ್ಳ ಭಾಗ. ಹಾಗಾದರೆ ಮೊಗ್ಗಿನ ಎಣ್ಣೆಗೇಕೆ ಅಷ್ಟು ಬೆಲೆಯೆಂದು ಕೇಳಬಹುದು. ಮೊಗ್ಗಿನಲ್ಲಿ ಯೂಜಿನಾಲಿನ ಜೊತೆಗೆ ಅದರ ಅಸಿಟೇಟ್ ಎಂಬ ಇನ್ನೊಂದು ರೂಪವೂ ಸಾಕಷ್ಟಿದೆ. ಹಣ್ಣಿನಂತಹ ಮೃದುವಾದ ಇಂಪನ್ನು ಅದು ಕೊಡುತ್ತದೆ. ಎಲೆಯಲ್ಲಿ ಅದು ಹೆಸರಿಗೆ ಮಾತ್ರ. ಆದುದರಿಂದಲೇ ಎಲೆಯೆಣ್ಣೆಯನ್ನು ಮೂಸಿದಾಗ ಮೊದಲು ಸ್ವಲ್ಪ ಸುಟ್ಟಂತಹ, ಔಷಧದಂಗಡಿಯಂತಹ ವಾಸನೆ ಮೂಗಿಗೆ ಬಡಿಯುವುದು.

ಈ ಒರಟಾದ ಎಣ್ಣೆಯಿಂದ ಹೂವಿನ ಪರಿಮಳ ಹುಟ್ಟುವುದು ಹೇಗೆ? ಅತ್ತರಿನ ವಿದ್ಯೆಯ ಸೊಗಸೆಲ್ಲ ಇಲ್ಲಿದೆ. ಯೂರೋಪಿನವರಿಗೆ ಪ್ರಿಯವಾದ ಕಾರ್ನೇಷನ್ ಎಂಬ ಹೂವೊಂದುಂಟು. ನಮ್ಮ ಊರಿನ ಹೂದೋಟಗಳಲ್ಲಿಯೂ ಮದುವೆಯ ಅಲಂಕಾರಗಳಲ್ಲಿಯೂ ಈಗ ಅದು ಕಾಣಬರುತ್ತದೆ. ಅದರ ಹಳೆಯ ಬಗೆಗಳ ವಾಸನೆಯಲ್ಲಿ ಸ್ವಭಾವತಃ ಯೂಜಿನಾಲ್ ಇದೆ. ಸಸ್ಯಶಾಸ್ತ್ರಜ್ಞರು ಆ ಹೂವಿಗೆ ಲವಂಗದ ಹೆಸರನ್ನೇ ಉಪನಾಮವಾಗಿಟ್ಟಿರುವುದೂ ಇದಕ್ಕಾಗಿ. ಕಾರ್ನೇಷನ್ ಹೂವಿನಿಂದಲೇ ಪರಿಮಳವನ್ನು ತೆಗೆಯಹೋದರೆ ರಾಶಿ ಹೂವಿಗೆ ಚಿಟಿಕೆ ಸಾರ ದೊರೆಯುವುದು. ಬೆಲೆ ಚಿನ್ನಕ್ಕೆ ಸಮವಾಗುವುದು. ಆದುದರಿಂದ ಸುಗಂಧ ಸಂಯೋಜಕರು ಎಲೆಯೆಣ್ಣೆಯನ್ನು ಕಾಸ್ಟಿಕ್ ಸೋಡಾದ ನೀರಿನೊಡನೆ ಕಲಕುವರು. ಯೂಜಿನಾಲ್ ಆ ನೀರಿನಲ್ಲಿ ಕರಗುತ್ತದೆ, ಕ್ಯಾರಿಯೊಫಿಲೀನ್ ಕರಗದೆ ಮೇಲೆ ತೇಲುತ್ತದೆ. ತೇಲಿದುದನ್ನು ತೆಗೆದು, ಉಳಿದ ನೀರಿಗೆ ಆಮ್ಲವನ್ನು ಹಾಕಿದರೆ ಶುದ್ಧವಾದ ಯೂಜಿನಾಲ್ ಮರಳಿ ಬೇರ್ಪಟ್ಟು ಬರುವುದು. ಇದಕ್ಕೆ ಗುಲಾಬಿಯ ಸಾರವನ್ನೂ ಸ್ವಲ್ಪ ವೆನಿಲ್ಲಾವನ್ನೂ ಹದವರಿತು ಕೂಡಿಸಿದರೆ ಕಾರ್ನೇಷನ್ ಅರಳುತ್ತದೆ.

ಇದೇ ಯೂಜಿನಾಲನ್ನು ಕ್ಷಾರದೊಡನೆ ಕಾಯಿಸಿದರೆ ಐಸೋಯೂಜಿನಾಲ್ ಆಗಿ ಮಾರ್ಪಡುತ್ತದೆ. ಎರಡರಲ್ಲಿಯೂ ಇರುವ ಪರಮಾಣುಗಳು ಅವೇ, ಲೆಕ್ಕವೂ ಅದೇ. ಒಂದು ಬಂಧನದ ಸ್ಥಾನ ಮಾತ್ರ ಪಕ್ಕಕ್ಕೆ ಸರಿದಿದೆ. ವಾಸನೆ ಮಾತ್ರ ಬೇರೆಯೇ: ಲವಂಗದ ಖಾರ ಅಡಗಿ ಹೂವಿನ ಮಾಧುರ್ಯ ಮುಂದೆ ಬರುತ್ತದೆ. ಪ್ಯಾರಿಸಿನ ಪ್ರಸಿದ್ಧ ಅತ್ತರುಗಳಲ್ಲಿ ಅನೇಕವು ಈ ಎರಡು ವಸ್ತುಗಳ ಋಣದಲ್ಲಿವೆ. ೧೯೦೫ರ ಕೋಟಿಯವರ ಲೊರಿಗಾನ್, ೧೯೧೨ರ ಗರ್ಲೆನ್‌ರವರ ಲೂರ್ ಬ್ಲೂ, ೧೯೨೭ರ ಕಾರೋನ್‌ರವರ ಬೆಲೋಜಿಯಾ, ೧೯೪೮ರ ನೀನಾ ರಿಚಿಯವರ ಲೇರ್ ದ್ಯು ತಾಂ, ಇವೆಲ್ಲದರಲ್ಲಿ ಕಾರ್ನೇಷನ್ನಿನ ಛಾಯೆಯುಂಟು. ಪಾರಿವಾಳದ ಮುಚ್ಚಳವುಳ್ಳ ಸ್ಫಟಿಕದ ಸೀಸೆಯನ್ನು ಕೊಳ್ಳುವ ಶ್ರೀಮಂತ ಸ್ತ್ರೀಗೆ ತರಗೆಲೆ ಗುಡಿಸುವವಳ ನೆನಪು ಬರುವ ಸಂಭವವಿಲ್ಲ. ಆದರೂ ಇಬ್ಬರ ನಡುವೆ ಸಂಬಂಧವಿಲ್ಲದೆ ಇಲ್ಲ.

ಎಲೆಯೆಣ್ಣೆಯ ದೊಡ್ಡ ಬಳಕೆಯಾದರೋ ಇಂತಹ ಸೀಸೆಗಳಲ್ಲಲ್ಲ, ಸಾಬೂನಿನಲ್ಲಿ. ಅಗ್ಗವಾದುದೂ ಕ್ಷಾರಕ್ಕೆ ಹೆದರದೆ ನಿಲ್ಲುವಂತಹುದೂ ಆದ ವಾಸನೆ ಸಾಬೂನಿಗೆ ಬೇಕು. ಇದು ಆ ಎರಡಕ್ಕೂ ಸರಿ. ಬಿಳಿಯ ಸಾಬೂನನ್ನು ಕಾಲಕ್ರಮದಲ್ಲಿ ಕಂದಿಸುವುದೊಂದೇ ಅದರ ದೋಷ. ಹಿಂದೊಮ್ಮೆ ಕೃತಕ ವೆನಿಲ್ಲಾಕ್ಕೂ ಈ ಎಣ್ಣೆಯೇ ಆಧಾರವಾಗಿತ್ತು. ಜರ್ಮನಿಯ ಟೀಮನ್ ಮತ್ತು ಹಾರ್ಮನ್ ಎಂಬ ವಿಜ್ಞಾನಿಗಳು ೧೮೭೪ರಲ್ಲಿ ಪೈನ್ ಮರದ ರಸದಿಂದ ವೆನಿಲಿನ್ ತಯಾರಿಸಿ ತೋರಿಸಿದರು. ಆ ಬಳಿಕ ಐಸೋಯೂಜಿನಾಲಿನಿಂದ ಅದನ್ನು ಮಾಡುವುದು ಸುಲಭವೆಂದು ಕಂಡುಬಂದು ಲವಂಗದ ಎಣ್ಣೆಗೆ ದೊಡ್ಡ ಗಿರಾಕಿ ದೊರೆಯಿತು. ೧೯೩೦ರ ದಶಕದಲ್ಲಿ ಕಾಗದದ ಕಾರ್ಖಾನೆಯ ಕೊಳೆನೀರಿನಿಂದಲೇ ವೆನಿಲಿನ್ ತೆಗೆಯಲಾರಂಭಿಸಿದ ಮೇಲೆ ಆ ಗಿರಾಕಿ ಕೈತಪ್ಪಿತು. ಇಂದು ಐಸ್‌ಕ್ರೀಮಿನಲ್ಲಿರುವ ವೆನಿಲಿನ್ನಿನ ಬಹುಪಾಲು ಕಲ್ಲೆಣ್ಣೆಯ ಮೂಲದ್ದು. ಸಸ್ಯಮೂಲದ್ದೇ ಬೇಕೆನ್ನುವವರಿಗಾಗಿ ಲವಂಗದಿಂದ ಮಾಡುವುದು ಮಾತ್ರ ಇನ್ನೂ ನಿಂತಿಲ್ಲ.

ಇನ್ನೊಂದು ಉಪಯೋಗವನ್ನು ಪ್ರಾಸಂಗಿಕವಾಗಿ ಹೇಳಿಬಿಡುತ್ತೇವೆ. ಬಿಹಾರದ ಪೂಸಾದಲ್ಲಿ ಕೀಟಶಾಸ್ತ್ರಜ್ಞರಾಗಿದ್ದ ಹೌಲೆಟ್‌ರವರು ೧೯೧೫ರಲ್ಲಿ ಒಂದು ಸಂಗತಿಯನ್ನು ಪ್ರಕಟಿಸಿದರು: ಮೀಥೈಲ್ ಯೂಜಿನಾಲ್ ಎಂಬ ವಸ್ತುವಿನ ವಾಸನೆಗೆ ಹಣ್ಣಿನ ನೊಣದ ಗಂಡುಗಳು ಮೋಹಗೊಂಡು ಮುತ್ತುತ್ತವೆಂಬುದು. ಯೂಜಿನಾಲಿನಿಂದ ಇದನ್ನು ಸುಲಭವಾಗಿ ತಯಾರಿಸಬಹುದು. ನಮ್ಮ ಶ್ರೀನಿವಾಸಪುರದ ಕಡೆಯ ಮಾವಿನ ತೋಪುಗಳಲ್ಲಿ ತೂಗಾಡುವ ನೊಣದ ಬುಟ್ಟಿಗಳೊಳಗೆ ಇರುವ ಆಕರ್ಷಣೆ ಇದೇ.

ಇನ್ನು ಮರದ ಸಂಕಟದ ಮಾತು. ಮಡಗಾಸ್ಕರಿನಲ್ಲಿ, ಫೆನೆರೀವ್ ಪಟ್ಟಣದ ಸುತ್ತಲಿನ ಕರಾವಳಿಯಲ್ಲಿ, ತರಗೆಲೆಯನ್ನಲ್ಲದೆ ಹಸಿ ಎಲೆಯನ್ನೇ ರೆಂಬೆಸಮೇತ ಕೊಯ್ದು ಭಟ್ಟಿಗೆ ಹಾಕುವುದು ರೂಢಿ. ಆ ಸೀಮೆಗೆ ಅನಲಂಜಿರೋಫೋ ಎಂದು ಹೆಸರು; ಲವಂಗದ ಕಾಡು ಎಂದು ಅದರ ಅರ್ಥ. ಅಲ್ಲಿಗೆ ಆಗಾಗ ಚಂಡಮಾರುತ ಬಡಿಯುತ್ತದೆ. ೨೦೦೮ರ ಫೆಬ್ರುವರಿಯಲ್ಲಿ ಇವಾನ್ ಎಂಬುದು ಆ ಕರಾವಳಿಯ ಮೇಲೆಯೇ ಎರಗಿತು. ಮೊಗ್ಗು ಹೋದ ವರ್ಷ ರೈತನು ಎಲೆಯನ್ನು ಕಡಿಯದೆ ಮಾಡುವುದೇನು? ಅಕ್ಕಿ ಕೊಳ್ಳಬೇಕಲ್ಲ. ಆದರೆ ಎಲೆ ಕಳೆದುಕೊಂಡ ಮರ ಮುಂದಿನ ವರ್ಷ ಮೊಗ್ಗು ಬಿಡಲಾರದು. ಮೊಗ್ಗಿಲ್ಲವೆಂದು ಮತ್ತೆ ಎಲೆ ಕಡಿಯಬೇಕಾಗುತ್ತದೆ. ಸಾಲಗಾರನ ಬಡ್ಡಿಯಂತೆ ಇದು ಸುತ್ತಿಕೊಳ್ಳುತ್ತದೆ. ಹಸಿ ಎಲೆಗೆ ಭಟ್ಟಿಯಲ್ಲಿ ಹೆಚ್ಚು ಹೊತ್ತು ಬೆಂಕಿ ಬೇಕು. ಆ ಸೌದೆಗಾಗಿ ಉಳಿದ ಕಾಡಿಗೂ ಕೊಡಲಿ ಬೀಳುವುದು.

ಜಾವಾದಲ್ಲಿ ಉದುರಿದುದನ್ನು ಮಾತ್ರ ತೆಗೆದುಕೊಳ್ಳುವುದರಿಂದ ಹಾನಿಯಿಲ್ಲವೆಂದು ಮೇಲ್ನೋಟಕ್ಕೆ ತೋರುವುದು. ಆದರೆ ತರಗೆಲೆಯು ಮರದ ಪಾಲಿಗೆ ಕಸವಲ್ಲ. ಬುಡದ ಮಣ್ಣನ್ನು ತಂಪಾಗಿಡುವುದೂ ಕೊಳೆತು ಗೊಬ್ಬರವಾಗುವುದೂ ಅದೇ. ನಮ್ಮ ಅಡಿಕೆ ತೋಟದವರಿಗೆ ಸೊಪ್ಪಿನ ಬೆಲೆಯನ್ನು ಯಾರೂ ಕಲಿಸಬೇಕಾಗಿಲ್ಲ. ಬುಡಕ್ಕೆ ಸೊಪ್ಪು ಕಾಣದ ತೋಟ ಏನಾಗುತ್ತದೆಂದು ಅವರು ಬಲ್ಲರು. ವರ್ಷ ವರ್ಷವೂ ಗುಡಿಸಿದ ನೆಲ ಬರಿದಾಗುತ್ತದೆ. ಎಣ್ಣೆಯಿಳಿದ ಎಲೆಯನ್ನಾದರೂ ಬುಡಕ್ಕೆ ಹಿಂದಿರುಗಿಸಬಹುದಾಗಿತ್ತು. ಅದು ಒಲೆಗೆ ಹೋಗುತ್ತದೆ. ಮೇಲೆ ನಾವು ಮೆಚ್ಚಿದ ಮಿತವ್ಯಯಕ್ಕೆ ಹೀಗೆ ಇನ್ನೊಂದು ಮುಖವೂ ಇದೆ. ಒಲೆಯ ಬೂದಿಯನ್ನೂ, ಸಾಧ್ಯವಾದಷ್ಟು ಎಲೆಯನ್ನೂ ತೋಪಿಗೆ ಒಯ್ದು ಹಾಕುವವನ ಮರಗಳು ಹೆಚ್ಚು ಕಾಲ ಬಾಳುವುವು. ಬೆಲೆಯ ಏರಿಳಿತವೂ ಮರಕ್ಕೆ ಶತ್ರುವೇ. ೧೯೯೦ರ ದಶಕದ ಮೊದಲ ವರ್ಷಗಳಲ್ಲಿ ಇಂಡೊನೇಶಿಯಾದ ಅಧ್ಯಕ್ಷ ಸುಹಾರ್ತೊರವರ ಮಗನ ಕೈಯಲ್ಲಿದ್ದ ಸಂಸ್ಥೆಗೆ ಲವಂಗದ ಏಕಸ್ವಾಮ್ಯವನ್ನು ಕೊಟ್ಟಾಗ ಬೆಳೆಗಾರನಿಗೆ ದೊರೆಯುವ ಬೆಲೆ ಕುಸಿದು, ಎಷ್ಟೋ ಮಂದಿ ತೋಪುಗಳನ್ನು ಹಾಳುಬಿಟ್ಟರು, ಕಡಿದೂ ಹಾಕಿದರು. ೧೯೯೮ರಲ್ಲಿ ಆ ಏಕಸ್ವಾಮ್ಯ ರದ್ದಾಯಿತು. ಮುನ್ನೂರು ವರ್ಷಗಳ ಹಿಂದೆ ಡಚ್ಚರು ಕಡಿಸಿದ ಮರಗಳಿಗೂ ಇವಕ್ಕೂ ಕೊಡಲಿಯೊಂದೇ ಬೇರೆ.

ಈಗ ಮನೆಯ ವಿಚಾರಕ್ಕೆ ಬರೋಣ. ದಂತವೈದ್ಯರ ಕೋಣೆಗೆ ಕಾಲಿಟ್ಟೊಡನೆ ಬರುವ ವಾಸನೆ ಯೂಜಿನಾಲಿನದೇ. ಸತುವಿನ ಭಸ್ಮದೊಡನೆ ಅದನ್ನು ಕಲಸಿ ಹಲ್ಲಿನ ಕುಳಿಗೆ ತಾತ್ಕಾಲಿಕವಾಗಿ ತುಂಬುತ್ತಾರೆ. ಹಲ್ಲುನೋವಿಗೆ ಹತ್ತಿಯ ತುದಿಯಲ್ಲಿ ಲವಂಗದೆಣ್ಣೆಯ ಒಂದು ತೊಟ್ಟನ್ನು ನೋಯುವ ಹಲ್ಲಿಗೆ ಮಾತ್ರ ಮುಟ್ಟಿಸಿದರೆ ದೊಡ್ಡವರಿಗೆ ಸ್ವಲ್ಪ ಹೊತ್ತು ನೋವು ಮರಗಟ್ಟುವುದು ನಿಜ. ಕುಳಿ ಅದರಿಂದ ವಾಸಿಯಾಗದು. ವೈದ್ಯರ ಬಳಿಗೆ ಹೋಗಲು ದೊರೆತ ವಿರಾಮವೆಂದೇ ಅದನ್ನು ಎಣಿಸತಕ್ಕದ್ದು. ಒಸಡಿಗೆ ಪದೇ ಪದೇ ಹಚ್ಚಿದರೆ ಒಸಡು ಸುಡುತ್ತದೆ.

ಮಕ್ಕಳ ವಿಷಯದಲ್ಲಿ ಮಾತ್ರ ನಾವು ಒತ್ತಿ ಹೇಳಬೇಕಾಗಿದೆ. ಲವಂಗವು ಅಡುಗೆಯ ವಸ್ತುವೆಂಬ ಸಲಿಗೆಯಿಂದ ಅದರ ಎಣ್ಣೆಯೂ ನಿರಪಾಯವೆಂದು ಭಾವಿಸುವವರುಂಟು. ಹಲ್ಲು ಮೂಡುವ ಕೂಸಿನ ಒಸಡಿಗೆ ಇದನ್ನು ಉಜ್ಜುವ ಅಜ್ಜಿಯರೂ ಉಂಟು. ಒಂದೆರಡು ಚಿಕ್ಕ ಚಮಚದಷ್ಟು ಲವಂಗದೆಣ್ಣೆಯನ್ನು ಕುಡಿದ ಎಳೆಯ ಮಕ್ಕಳು ಪ್ರಜ್ಞೆ ತಪ್ಪಿ, ಸೆಳವು ಬಂದು, ಯಕೃತ್ತು ಕೆಟ್ಟು ಪ್ರಾಣಾಪಾಯಕ್ಕೆ ಸಿಲುಕಿದ ಪ್ರಸಂಗಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಒಂದು ಚಿಕ್ಕ ಸೀಸೆಯಲ್ಲಿ ಇರುವುದೇ ಅಷ್ಟು. ಆದುದರಿಂದ ಸೀಸೆಯನ್ನು ಮಗುವಿನ ಕೈಗೆಟುಕದ ಎತ್ತರದಲ್ಲಿಡಬೇಕು. ಕುಡಿದುದು ತಿಳಿದರೆ, ವಾಂತಿ ಮಾಡಿಸುವ ಪ್ರಯತ್ನಕ್ಕೆ ಹೋಗದೆ, ಸೀಸೆಯನ್ನೂ ಕೈಯಲ್ಲಿ ಹಿಡಿದು ಕೂಡಲೆ ಆಸ್ಪತ್ರೆಗೆ ಓಡಬೇಕು.

ಚರ್ಮಕ್ಕೂ ಇದನ್ನು ನೇರವಾಗಿ ಹಚ್ಚಬಾರದು. ಕೆಲವರಿಗೆ ಯೂಜಿನಾಲ್, ಅದಕ್ಕಿಂತ ಹೆಚ್ಚಾಗಿ ಐಸೋಯೂಜಿನಾಲ್, ಮೈಗೆ ಒಗ್ಗದೆ ತುರಿಕೆಯನ್ನೂ ಗಂದೆಯನ್ನೂ ತರುತ್ತವೆ. ಈ ಕಾರಣದಿಂದ ಅತ್ತರು ತಯಾರಕರ ಅಂತರರಾಷ್ಟ್ರೀಯ ಸಂಸ್ಥೆಯು ಐಸೋಯೂಜಿನಾಲಿಗೆ ಅತಿ ಕಟ್ಟುನಿಟ್ಟಾದ ಮಿತಿಯನ್ನು ವಿಧಿಸಿದೆ. ಯೂರೋಪಿನ ಒಕ್ಕೂಟವು ೨೦೦೩ರಲ್ಲಿ ಮಾಡಿದ ಕಾನೂನಿನಂತೆ, ನಿಗದಿಯಾದ ಪ್ರಮಾಣವನ್ನು ಮೀರಿದರೆ ಇವೆರಡರ ಹೆಸರನ್ನೂ ಸೀಸೆಯ ಚೀಟಿಯ ಮೇಲೆ ಮುದ್ರಿಸಲೇಬೇಕು. ಮೇಲೆ ಹೆಸರಿಸಿದಂತಹ ಹಳೆಯ ಅತ್ತರುಗಳು ಹಿಂದಿನ ಪಾಕದಲ್ಲಿ ಇಂದು ದೊರೆಯದಿರುವುದಕ್ಕೆ ಇಂತಹ ನಿಯಮಗಳೂ ಒಂದು ಕಾರಣ. ರಸಿಕರು ನಿಟ್ಟುಸಿರು ಬಿಟ್ಟರೂ ತುರಿಕೆಯವರ ಪಕ್ಷವೇ ನ್ಯಾಯವೆಂದು ನಾವು ಎಣಿಸುತ್ತೇವೆ. ಕೆಲವು ಸಾಬೂನಿನ ಹೊದಿಕೆಗಳ ಮೇಲೆ ಈ ಹೆಸರುಗಳನ್ನು ನಮ್ಮ ವಾಚಕರೂ ಓದಬಹುದು.

ಕೊಳ್ಳುವಾಗ ನೋಡಬೇಕಾದುದು ಚೀಟಿಯನ್ನೇ. ಬರಿದೆ ‘ಲವಂಗದ ಎಣ್ಣೆ’ ಎಂದಿದ್ದರೆ ಅದು ಮೊಗ್ಗಿನದೆಂದು ನಂಬುವ ಹಾಗಿಲ್ಲ. ಅಗ್ಗವಾಗಿದ್ದರಂತೂ ಎಲೆಯದೇ ಇರಬೇಕು. ಎಲೆಯದೆಂದು ಹೇಳಿ ಮಾರಿದರೆ ದೋಷವಿಲ್ಲ, ಮೊಗ್ಗಿನ ಹೆಸರಿನಲ್ಲಿ ಮಾರುವುದು ಮೋಸ. ಮನೆಯಲ್ಲಿ ಈ ಎರಡನ್ನೂ ಬೇರ್ಪಡಿಸಿ ತಿಳಿಯುವುದು ಸುಲಭವಲ್ಲ. ಆದರೆ ಎಳ್ಳೆಣ್ಣೆ, ಕಡಲೆಕಾಯೆಣ್ಣೆಗಳನ್ನು ಬೆರೆಸಿದ್ದರೆ ಗೊತ್ತಾಗುವುದು. ಲೋಟದ ನೀರಿಗೆ ನಾಲ್ಕಾರು ತೊಟ್ಟು ಹಾಕಿ ಕದಡಿ ನಿಲ್ಲಿಸಿದರೆ, ಲವಂಗದ್ದು ತಳ ಸೇರುವುದು; ಬಹಳವಾಗಿ ಬೆರೆಸಿದ್ದರೆ ತೇಲುವುದು. ಎಣ್ಣೆಯನ್ನು ಗಾಢ ಬಣ್ಣದ ಗಾಜಿನ ಸೀಸೆಯಲ್ಲಿ, ಬೆಳಕು ಬೀಳದೆಡೆ ಇಡತಕ್ಕದ್ದು. ಪ್ಲಾಸ್ಟಿಕ್ಕಿನ ಕೆಲವು ಬಗೆಗಳನ್ನು ಅದು ಕರಗಿಸಿಬಿಡುವುದು. ತುಕ್ಕು ಹಿಡಿದ ಮುಚ್ಚಳ ತಗಲಿದರೆ, ಜಾವಾದ ಕಬ್ಬಿಣದ ಹಂಡೆಯಲ್ಲಾದಂತೆಯೇ, ಕಪ್ಪಾಗುವುದು. ಮುಗಿದ ಸೀಸೆಯನ್ನು ಎಸೆಯಬೇಕಾಗಿಲ್ಲ. ಬಿರಡೆ ತೆಗೆದು, ಬಟ್ಟೆಗೆ ಕಲೆ ತಗಲದಂತೆ ಪೆಟ್ಟಿಗೆಯ ಮೂಲೆಯಲ್ಲಿ ನಿಲ್ಲಿಸಿದರೆ ಕೆಲವು ವಾರಗಳವರೆಗೆ ವಾಸನೆ ಉಳಿದಿರುವುದು.